ದಾದಾ ಬಾಯಲ್ಲಿ ಹೇಳಿದ ತೋಟ

ಕಳೆದ ತಿಂಗಳು ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದ ತರಗತಿ ಮುಗಿಸಿ ಹೊರಗೆ ಬಂದಾಗ ಒಬ್ಬ ವಿದ್ಯಾರ್ಥಿ ವರಾಂಡದಲ್ಲಿ ಕಾಯುತ್ತ ನಿಂತಿದ್ದ. ಪಾಲುದಾರಿಕೆ ಸಂಸ್ಥೆಯಲ್ಲಿ ಒಬ್ಬ ಪಾಲುದಾರ ಮರಣ ಹೊಂದಿದರೆ ಅವನ ಲೆಕ್ಕ ಹೇಗೆ ತೀರಿಸಬೇಕು ಎಂಬ ಅಧ್ಯಾಯ ಅಂದಷ್ಟೇ ಮುಗಿದಿತ್ತು.

"ಸರ್, ಪಾಲುದಾರ ತೀರಿಕೊಂಡರೆ ಅವನ ಪಾಲು ಅವನ ವಾರಸುದಾರರಿಗೆ ಹೋಗುತ್ತೆ ಅಂದ್ರಿ. ನಮ್ಮ ಅಬ್ಬಾ ಇಲ್ಲ. ದಾದಾ ಇದ್ದಾರೆ. ತೋಟ ದಾದಾ ಹೆಸರಲ್ಲಿದೆ. ಅದರಲ್ಲಿ ಅಬ್ಬಾ ಪಾಲು ನನಗೆ ಬರುತ್ತಲ್ವಾ?"

ಬರುತ್ತೆ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ದಾದಾ ಏನು ಹೇಳುತ್ತಾರೆ ಎಂದು ಕೇಳಿದೆ. "ಇವನಿಗೂ ಒಂದು ಪಾಲು ಇದೆ ಅಂತ ಚಾಚಾಗಳ ಮುಂದೇನೇ ಹೇಳ್ತಾರೆ ಸರ್. ಈದ್ ದಿನ ಎಲ್ಲರೂ ಕೂತಾಗಲೂ ಹೇಳಿದ್ರು" ಎಂದ. ಬರೆದಿದ್ದಾರಾ ಎಂದರೆ ಇಲ್ಲ.

ಅವನಿಗೆ ಅಂದು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹುಡುಗನ ಗುರುತು ಸಿಗಬಾರದೆಂದು ತೋಟದ ಅಳತೆಯನ್ನೂ ಮನೆಯ ಲೆಕ್ಕವನ್ನೂ ಬದಲಾಯಿಸಿದ್ದೇನೆ. ನಾನು ವಕೀಲನಲ್ಲ, ಲೆಕ್ಕ ಕಲಿಸುವವನು. ಆದರೆ ಈ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಲೆಕ್ಕವೇ.

ಹುಟ್ಟಿನಿಂದ ಬರುವ ಹಕ್ಕು ಇಲ್ಲ

ಮೊದಲು ತಿಳಿಯಬೇಕಾದ್ದು ಇದು. ಮುಸ್ಲಿಂ ಕಾನೂನಿನಲ್ಲಿ ಮಗನಿಗಾಗಲಿ ಮೊಮ್ಮಗನಿಗಾಗಲಿ ಹುಟ್ಟಿದ ಕೂಡಲೇ ಹಿರಿಯರ ಆಸ್ತಿಯಲ್ಲಿ ಹಕ್ಕು ಬರುವುದಿಲ್ಲ. ಆಸ್ತಿ ಅಜ್ಜನಿಂದ ಬಂದಿರಲಿ, ಸ್ವಂತ ದುಡಿಮೆಯದಿರಲಿ, ಮಾಲೀಕ ಬದುಕಿರುವವರೆಗೆ ಅದು ಪೂರ್ತಿ ಅವನದೇ. "ಪಿತ್ರಾರ್ಜಿತ, ನೀವು ಮಾರುವ ಹಾಗಿಲ್ಲ" ಎಂದು ಮಗ ತಂದೆಯನ್ನು ತಡೆಯುವಂತಿಲ್ಲ. ವಾರಸಿನ ಹಕ್ಕು ಹುಟ್ಟುವುದು ಮಾಲೀಕ ಕೊನೆಯುಸಿರೆಳೆದ ಆ ಗಳಿಗೆಯಲ್ಲಿ. ಆ ಗಳಿಗೆಯಲ್ಲಿ ಯಾರು ಯಾರು ಬದುಕಿದ್ದಾರೆ ಎಂಬುದರ ಮೇಲೆ ಎಲ್ಲ ಲೆಕ್ಕವೂ ನಿಂತಿದೆ.

ದಾದಾಗಿಂತ ಮೊದಲೇ ಅಬ್ಬಾ ತೀರಿಕೊಂಡಿದ್ದರಿಂದ ತೋಟದಲ್ಲಿ "ಅಬ್ಬಾ ಪಾಲು" ಎಂಬುದು ಹುಟ್ಟಲೇ ಇಲ್ಲ. ಹುಟ್ಟದ ಪಾಲು ಮಗನಿಗೆ ಹೇಗೆ ಬಂದೀತು? ಪಾಲುದಾರಿಕೆಯ ಅಧ್ಯಾಯಕ್ಕೂ ಮನೆಗೂ ಇರುವ ವ್ಯತ್ಯಾಸ ಇದೇ. ಅಲ್ಲಿ ಪಾಲುದಾರ ಬದುಕಿದ್ದಾಗಲೇ ಅವನಿಗೆ ಬಂಡವಾಳದ ಖಾತೆ ಇರುತ್ತದೆ. ಇಲ್ಲಿ ಮಗನಿಗೆ ಖಾತೆಯೇ ತೆರೆದಿರುವುದಿಲ್ಲ.

ಹತ್ತಿರದ ವಾರಸುದಾರ ಇದ್ದರೆ ದೂರದವನು ಹಿಂದೆ ಸರಿಯುತ್ತಾನೆ ಎಂಬುದು ನಿಯಮ. ದಾದಾಗೆ ಬೇರೆ ಗಂಡುಮಕ್ಕಳು ಇದ್ದಾರೆ, ಆದ್ದರಿಂದ ತೀರಿಕೊಂಡ ಮಗನ ಮಗ ವಾರಸುದಾರನಲ್ಲ. ಅವನ ತಾಯಿಯೂ, ಅಂದರೆ ದಾದಾನ ವಿಧವೆ ಸೊಸೆಯೂ, ವಾರಸುದಾರಳಲ್ಲ.

ಪಕ್ಕದ ಬೆಂಚಿನಲ್ಲಿ ಕೂರುವ ಹಿಂದೂ ಸ್ನೇಹಿತನಿಗೆ ಇದೇ ಸ್ಥಿತಿ ಬಂದರೆ ಉತ್ತರ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮೊದಲೇ ತೀರಿಕೊಂಡ ಮಗನ ಮಕ್ಕಳೂ ಹೆಂಡತಿಯೂ ಒಂದನೇ ವರ್ಗದ ವಾರಸುದಾರರು. ಒಂದೇ ಬೆಂಚು, ಒಂದೇ ಊರು, ಒಂದೇ ತರಹದ ತೋಟ, ಎರಡು ಕಾನೂನು. ಇದನ್ನು ತಿಳಿಯದೆ ಊರಿನ ಹಿರಿಯರು ಒಬ್ಬರ ಮನೆಯ ಪದ್ಧತಿಯನ್ನು ಇನ್ನೊಬ್ಬರ ಮನೆಗೆ ಅನ್ವಯಿಸಿ ಪಂಚಾಯಿತಿ ಮಾಡುವುದನ್ನು ನೋಡಿದ್ದೇನೆ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಅಬ್ಬಾ ತೀರಿಕೊಂಡಾಗ ಅವರ ಬ್ಯಾಂಕ್ ಖಾತೆಯಲ್ಲಿ 2,40,000 ರೂಪಾಯಿ ಇತ್ತು, ಸಾಲ ಇರಲಿಲ್ಲ ಎಂದುಕೊಳ್ಳಿ. ಹೆಂಡತಿಗೆ ಎಂಟನೇ ಒಂದು, 30,000. ತಂದೆಗೆ ಆರನೇ ಒಂದು, 40,000. ತಾಯಿಗೂ ಆರನೇ ಒಂದು, 40,000. ಉಳಿದ 1,30,000 ಒಬ್ಬನೇ ಮಗನಿಗೆ. ಅಂದರೆ ಮಗನ ಹಣದಲ್ಲಿ ದಾದಾಗೆ ಪಾಲು ಬಂತು, ದಾದಾನ ತೋಟದಲ್ಲಿ ಮೊಮ್ಮಗನಿಗೆ ಬರುವುದಿಲ್ಲ. ಹುಡುಗ ಇದನ್ನು ಕೇಳಿ ನಕ್ಕುಬಿಟ್ಟ. ನಗು ಬರುವ ವಿಷಯವಲ್ಲ ಎಂದು ಅವನಿಗೂ ಗೊತ್ತಿತ್ತು.

ಮೂರು ಎಕರೆಯ ಲೆಕ್ಕ

ದಾದಾನ ತೋಟ ಮೂರು ಎಕರೆ ಎಂದಿಟ್ಟುಕೊಳ್ಳೋಣ. ಎಕರೆಗೆ 40 ಗುಂಟೆ, ಒಟ್ಟು 120 ಗುಂಟೆ. 30 ಅಡಿ ಅಂತರದಲ್ಲಿ ನೆಟ್ಟ ತೋಟವಾದರೆ ಎಕರೆಗೆ ಸುಮಾರು 48 ಮರ. ದಾದಿ ಇದ್ದಾರೆ. ಮಕ್ಕಳು ಮೂರು ಗಂಡು, ಒಂದು ಹೆಣ್ಣು. ಅವರಲ್ಲಿ ಒಬ್ಬ ಮಗ, ನಮ್ಮ ಹುಡುಗನ ಅಬ್ಬಾ, ಈಗಿಲ್ಲ.

ಅಬ್ಬಾ ಬದುಕಿದ್ದು ದಾದಾ ತೀರಿಕೊಂಡಿದ್ದರೆ ಏನಾಗುತ್ತಿತ್ತು? ದಾದಿಗೆ ಎಂಟನೇ ಒಂದು, 15 ಗುಂಟೆ. ಉಳಿದ 105 ಗುಂಟೆಯಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು. ಮೂರು ಗಂಡಿಗೆ ಆರು ಭಾಗ, ಹೆಣ್ಣಿಗೆ ಒಂದು, ಒಟ್ಟು ಏಳು ಭಾಗ, ಒಂದೊಂದು 15 ಗುಂಟೆ. ಪ್ರತಿ ಮಗನಿಗೆ 30, ಮಗಳಿಗೆ 15.

ಈಗ ಅಬ್ಬಾ ಇಲ್ಲ. ದಾದಾ ಏನನ್ನೂ ಬರೆಯದೆ ತೀರಿಕೊಂಡರೆ ದಾದಿಗೆ 15 ಗುಂಟೆ, ಉಳಿದ 105 ಗುಂಟೆ ಐದು ಭಾಗ. ಇಬ್ಬರು ಚಾಚಾಗಳಿಗೆ 42, 42. ಫುಪ್ಪುಗೆ 21. ಮೊಮ್ಮಗನಿಗೆ ಸೊನ್ನೆ.

ಈ ಭಾಗಗಳ ಮೂಲ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳಲ್ಲಿದೆ. ಭಾರತದಲ್ಲಿ ಮುಸ್ಲಿಮರ ವಾರಸಿಗೆ ಶರೀಅತ್ ಅನ್ವಯ ಎಂದು ಹೇಳಿದ್ದು 1937ರ ಕಾಯ್ದೆ. ಆ ಕಾಯ್ದೆ ಕೃಷಿ ಜಮೀನನ್ನು ಹೊರಗಿಟ್ಟು ಮಾತನಾಡುತ್ತದೆ ಎಂಬುದು ನಿಜ. ಆದರೂ ನಮ್ಮ ಕಡೆ ಮುಸ್ಲಿಂ ಕುಟುಂಬಗಳ ಹೊಲ, ತೋಟದ ವಿಭಾಗದ ದಾವೆಗಳು ಇದೇ ಭಾಗಗಳ ಮೇಲೆ ತೀರ್ಮಾನವಾಗುತ್ತ ಬಂದಿವೆ.

ಹಾಗಾದರೆ ತಂದೆಯಿಲ್ಲದ ಮಗುವಿಗೆ ದಾರಿಯೇ ಇಲ್ಲವೇ? ಇದೆ. ಆ ದಾರಿಯ ಹೆಸರು ವಸೀಯತ್.

ಮೂರನೇ ಒಂದು

ವಸೀಯತ್ ಎಂದರೆ ಮರಣಶಾಸನ, ಜನ "ವಿಲ್ಲು" ಎನ್ನುವುದು. ಹಿಂದೂಗಳು ತಮ್ಮ ಸ್ವಯಾರ್ಜಿತ ಆಸ್ತಿಯನ್ನೆಲ್ಲ ಯಾರಿಗೆ ಬೇಕಾದರೂ ವಿಲ್ ಮೂಲಕ ಬರೆಯಬಹುದು. ಮುಸ್ಲಿಮರಿಗೆ ಎರಡು ಬೇಲಿಗಳಿವೆ. ಒಂದು, ಆಸ್ತಿಯ ಮೂರನೇ ಒಂದು ಭಾಗವನ್ನು ಮೀರಿ ಬರೆಯುವಂತಿಲ್ಲ. ಎರಡು, ವಾರಸುದಾರನಾಗುವವನಿಗೆ ಬರೆಯುವಂತಿಲ್ಲ. ಬರೆದರೂ ಉಳಿದ ವಾರಸುದಾರರು ಒಪ್ಪಿದರಷ್ಟೇ ನಡೆಯುತ್ತದೆ. ನಮ್ಮಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಪಂಥದ ಪ್ರಕಾರ ಆ ಒಪ್ಪಿಗೆ ಬರಬೇಕಾದ್ದು ಬರೆದವರ ಮರಣದ ನಂತರ.

ಮೂರನೇ ಒಂದು ಎಂಬ ಮಿತಿ ಬಂದ ಪ್ರಸಂಗವನ್ನು ನಿಮ್ಮಲ್ಲಿ ಹಲವರು ಮದ್ರಸಾದಲ್ಲಿ ಕೇಳಿರುತ್ತೀರಿ. ಸಅದ್ ಬಿನ್ ಅಬೀ ವಕ್ಕಾಸ್ (ರ) ಮಕ್ಕಾದಲ್ಲಿ ಕಾಯಿಲೆ ಬಿದ್ದಿದ್ದಾಗ ಪ್ರವಾದಿವರ್ಯರು (ಸ) ನೋಡಲು ಬಂದರು. ಆಗ ಅವರಿಗೆ ಇದ್ದದ್ದು ಒಬ್ಬಳೇ ಮಗಳು. ಮೂರರಲ್ಲಿ ಎರಡು ಭಾಗ ದಾನಕ್ಕೆ ಬಿಡಲೇ ಎಂದು ಕೇಳಿದರು, ಬೇಡ ಎಂಬ ಉತ್ತರ ಬಂತು. ಅರ್ಧ ಎಂದರು, ಅದೂ ಬೇಡ. ಮೂರನೇ ಒಂದು ಎಂದಾಗ ಒಪ್ಪಿಗೆ ಸಿಕ್ಕಿತು, ಅದೂ ಹೆಚ್ಚೇ ಎಂಬ ಮಾತಿನೊಂದಿಗೆ. ಮಿತಿಯನ್ನು ಇಟ್ಟಿದ್ದು ಮಗಳು ಬೇರೆಯವರ ಮುಂದೆ ಕೈಯೊಡ್ಡಬಾರದೆಂದು. ವಾರಸುದಾರರನ್ನು ಕಾಯುವುದಕ್ಕೆ ಮೂರರಲ್ಲಿ ಎರಡು, ವಾರಸುದಾರರಲ್ಲದ ಹತ್ತಿರದವರಿಗೆ ಮತ್ತು ಧರ್ಮಕಾರ್ಯಕ್ಕೆ ಮೂರರಲ್ಲಿ ಒಂದು.

ನಮ್ಮ ಹುಡುಗ ವಾರಸುದಾರನಲ್ಲ ಎಂಬುದೇ ಇಲ್ಲಿ ಅವನ ನೆರವಿಗೆ ಬರುತ್ತದೆ ನೋಡಿ. ವಾರಸುದಾರನಲ್ಲದ್ದರಿಂದ ದಾದಾ ಅವನ ಹೆಸರಿಗೆ ವಸೀಯತ್ ಬರೆಯಬಹುದು, ಯಾರ ಒಪ್ಪಿಗೆಯೂ ಬೇಡ. 120 ಗುಂಟೆಯ ಮೂರನೇ ಒಂದು 40 ಗುಂಟೆ, ಸರಿಯಾಗಿ ಒಂದು ಎಕರೆ. ಇದು ದಾದಾಗೆ ಸಾಲವಿಲ್ಲ, ತೋಟವೊಂದೇ ಆಸ್ತಿ ಎಂದುಕೊಂಡು ಹಾಕಿದ ಲೆಕ್ಕ. ಪೂರ್ತಿ ಎಕರೆಯನ್ನು ಬರೆದರೆ ಉಳಿದ 80 ಗುಂಟೆಯಲ್ಲಿ ದಾದಿಗೆ 10, ಚಾಚಾಗಳಿಗೆ 28, 28, ಫುಪ್ಪುಗೆ 14.

ಎಕರೆಯಷ್ಟು ಬೇಡ, ಅಬ್ಬಾ ಇದ್ದಿದ್ದರೆ ಬರುತ್ತಿದ್ದ 30 ಗುಂಟೆ ಸಾಕು ಎಂದು ದಾದಾ ಯೋಚಿಸಿದರೆ ಉಳಿಯುವುದು 90. ದಾದಿಗೆ ಹನ್ನೊಂದೂ ಕಾಲು ಗುಂಟೆ. ಚಾಚಾಗಳಿಗೆ ತಲಾ ಮೂವತ್ತೊಂದೂವರೆ. ಫುಪ್ಪುಗೆ ಹದಿನೈದೂಮುಕ್ಕಾಲು. ಈ ಅಂಕಿಗಳನ್ನು ಮೊದಲ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ತಮ್ಮ ಬದುಕಿದ್ದಿದ್ದರೆ ಚಾಚಾಗಳಿಗೆ ಬರುತ್ತಿದ್ದದ್ದು 30, ಈಗಲೂ ಅದಕ್ಕಿಂತ ಕಡಿಮೆಯಾಗಲಿಲ್ಲ, ಒಂದೂವರೆ ಗುಂಟೆ ಹೆಚ್ಚೇ ಬಂತು. ಕಡಿಮೆಯಾದದ್ದು ದಾದಿಗೆ. ಆದ್ದರಿಂದ ಇಂಥ ಪತ್ರ ಬರೆಯುವ ಮುಂಚೆ ಮನೆಯಲ್ಲಿ ದಾದಿಯನ್ನು ಕೂರಿಸಿ ಕೇಳುವುದು ಮರ್ಯಾದೆ. ಕಾನೂನು ಕೇಳಬೇಕೆಂದು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ತಂದೆಯಿಲ್ಲದ ಮೊಮ್ಮಕ್ಕಳ ಈ ಕಷ್ಟ ಬೇರೆ ದೇಶಗಳಲ್ಲೂ ಕಂಡಿದೆ. ಈಜಿಪ್ಟ್ 1946ರಲ್ಲಿ ವಸೀಯತ್ ಕಾನೂನು ಮಾಡಿ, ಅಜ್ಜ ಬರೆಯದೇ ಹೋದರೂ ಮೂರನೇ ಒಂದರ ಮಿತಿಯೊಳಗೆ ಬರೆದಂತೆಯೇ ಭಾವಿಸಬೇಕು ಎಂದಿತು. ಪಾಕಿಸ್ತಾನ 1961ರ ಸುಗ್ರೀವಾಜ್ಞೆಯಲ್ಲಿ ಇನ್ನೂ ಮುಂದೆ ಹೋಗಿ ಮೊಮ್ಮಗನಿಗೆ ತಂದೆಯ ಪಾಲನ್ನೇ ಕೊಟ್ಟಿತು. ಆ ಎರಡನೆಯದರ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇದೆ, ಅದು ಬೇರೆ ಮಾತು. ಭಾರತದಲ್ಲಿ ಎರಡೂ ಇಲ್ಲ. ಇಲ್ಲಿ ಅಜ್ಜನೇ ಮನಸ್ಸು ಮಾಡಬೇಕು, ಬದುಕಿದ್ದಾಗಲೇ ಮಾಡಬೇಕು.

ವಸೀಯತ್ತಿಗೆ ಕಾಗದ ಬೇಕೇ? ಮುಸ್ಲಿಂ ಕಾನೂನಿನಲ್ಲಿ ಬಾಯಿಮಾತಿನ ವಸೀಯತ್ತೂ ಸಿಂಧು. ಹಾಗಾದರೆ ಈದ್ ದಿನ ದಾದಾ ಹೇಳಿದ್ದು ಸಾಕಲ್ಲವೇ ಎಂದು ನೀವು ಕೇಳಬಹುದು. ಕೇಳಿಸಿಕೊಂಡವರು ಯಾರು? ಚಾಚಾಗಳು, ಚಾಚಿಗಳು. ನಾಳೆ ಅವರ 42 ಗುಂಟೆಯಿಂದಲೇ ಕೊಡಬೇಕಾದಾಗ ಅವರೇ ಸಾಕ್ಷಿ ಹೇಳಬೇಕು. "ಪಾಲಿದೆ" ಎಂದರು, ಎಷ್ಟು ಗುಂಟೆ ಎಂದರೇ? ಯಾವ ಸರ್ವೆ ನಂಬರ್ ಎಂದರೇ? ಕೊಡುತ್ತೇನೆ ಎಂದರೋ, ಕೊಟ್ಟಿದ್ದೇನೆ ಎಂದರೋ? ಬಾಯಿಮಾತು ಸಿಂಧುವಾಗುವುದು ಬೇರೆ, ಕೋರ್ಟಿನಲ್ಲಿ ಅದನ್ನು ರುಜುವಾತು ಮಾಡುವುದು ಬೇರೆ.

ಆದ್ದರಿಂದ ಬರೆಯಿರಿ. ಬಿಳಿ ಹಾಳೆಯ ಮೇಲೆ ಬರೆದರೂ ಆದೀತು, ವಿಲ್ಲಿಗೆ ಛಾಪಾ ಕಾಗದ ಬೇಕಿಲ್ಲ. ಕನ್ನಡದಲ್ಲೇ ಬರೆಯಬಹುದು. ಬರೆಯುವವರ ಹೆಸರು, ವಯಸ್ಸು, ಯಾರಿಗೆ ಎಂಬುದು, ಸರ್ವೆ ನಂಬರ್, ಎಷ್ಟು ಗುಂಟೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಬಾವಿ ಅಥವಾ ಬೋರ್‌ವೆಲ್ ನೀರಿನ ಹಕ್ಕು, ತೋಟಕ್ಕೆ ಹೋಗುವ ದಾರಿ. ನೀರನ್ನೂ ದಾರಿಯನ್ನೂ ಬರೆಯಲು ಮರೆತರೆ ತೆಂಗಿನ ತೋಟ ಕೊಟ್ಟೂ ಕೊಡದಂತೆ. ಪತ್ರದ ಪ್ರಕಾರ ನಡೆಸುವ ಒಬ್ಬ ನಿರ್ವಾಹಕನ ಹೆಸರು ಇರಲಿ. ಪತ್ರದಿಂದ ಏನೂ ಪಡೆಯದ ಇಬ್ಬರು ಸಾಕ್ಷಿಗಳು ಸಹಿ ಹಾಕಲಿ. ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದು ಕಡ್ಡಾಯವಲ್ಲ, ಆದರೆ ಮಾಡಿಸಿದರೆ "ಇದು ಅವರ ಹೆಬ್ಬೆಟ್ಟೇ ಅಲ್ಲ" ಎಂಬ ತಕರಾರು ಬಹಳ ಮಟ್ಟಿಗೆ ಕಡಿಮೆ. ದಾದಾ ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು, ಹೊಸದು ಬರೆಯಬಹುದು.

ಹಿಬಾ: ಬದುಕಿದ್ದಾಗಲೇ ಕೊಡುವುದು

ಎರಡನೇ ದಾರಿ ಹಿಬಾ, ಅಂದರೆ ದಾನ. ಇದಕ್ಕೆ ಮೂರನೇ ಒಂದರ ಮಿತಿಯಿಲ್ಲ, ವಾರಸುದಾರನಿಗೂ ಕೊಡಬಹುದು. ಆದರೆ ಮೂರು ಕೆಲಸ ಆಗಲೇಬೇಕು. ಕೊಟ್ಟೆ ಎಂದು ಕೊಡುವವರು ಹೇಳಬೇಕು, ಪಡೆಯುವವರು ಒಪ್ಪಬೇಕು, ಸ್ವಾಧೀನ ಕೈ ಬದಲಾಗಬೇಕು. ನಮ್ಮ ಮನೆಗಳಲ್ಲಿ ಮೊದಲೆರಡು ಚೆನ್ನಾಗಿ ಆಗುತ್ತವೆ. ಮೂರನೆಯದು ಆಗುವುದಿಲ್ಲ. ಕೊಟ್ಟೆ ಎಂದ ಮೇಲೂ ಕಾಯಿ ಕೆಡವಿಸುವುದು ದಾದಾ, ಹಣ ಇಟ್ಟುಕೊಳ್ಳುವುದು ದಾದಾ, ಕಂದಾಯದ ರಸೀದಿ ದಾದಾ ಹೆಸರಲ್ಲಿ.

ಇದರ ಫಲ ಏನೆಂದು ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣಗಳು ತೋರಿಸುತ್ತವೆ. ಒಂದರ ತೀರ್ಪು 2024ರ ಡಿಸೆಂಬರಿನಲ್ಲಿ ಬಂತು. ತಂದೆ ಬದುಕಿದ್ದಾಗಲೇ ಮಕ್ಕಳಿಗೆ ಜಮೀನು ಭಾಗ ಮಾಡಿ ಖಾತೆ ಬದಲಾಯಿಸಿದ್ದರು ಎಂಬುದು ಒಂದು ಕಡೆಯವರ ವಾದ. ಮುಸ್ಲಿಂ ಕಾನೂನಿನಲ್ಲಿ ತಂದೆಯ ಜೀವಿತಕಾಲದಲ್ಲಿ "ವಿಭಾಗ" ಎಂಬುದೇ ಇಲ್ಲ, ಏಕೆಂದರೆ ಮಕ್ಕಳಿಗೆ ಆಗ ಹಕ್ಕೇ ಇಲ್ಲ, ಇಲ್ಲದ ಹಕ್ಕನ್ನು ಭಾಗ ಮಾಡುವುದು ಹೇಗೆ ಎಂದಿತು ನ್ಯಾಯಾಲಯ. ಅದನ್ನು ಹಿಬಾ ಎನ್ನಬೇಕಾದರೆ ಮೂರೂ ಅಂಶಗಳನ್ನು ರುಜುವಾತು ಮಾಡಬೇಕು, ಖಾತೆ ಬದಲಾವಣೆ ಒಂದರಿಂದಲೇ ಮಾಲೀಕತ್ವ ಬಾರದು ಎಂದೂ ಹೇಳಿತು.

ಇನ್ನೊಂದು ಕಲಬುರಗಿ ಬಳಿಯ ಕುಸನೂರು ಗ್ರಾಮದ ಜಮೀನಿನದು. 1988ರಲ್ಲಿ ತಾಯಿ ಹತ್ತು ಎಕರೆಯನ್ನು ಬಾಯಿಮಾತಿನಿಂದ ತನಗೆ ಹಿಬಾ ಕೊಟ್ಟರು ಎಂದು ಒಬ್ಬ ಮಹಿಳೆ 2013ರಲ್ಲಿ ದಾವೆ ಹೂಡಿದ್ದರು. ಅಷ್ಟರಲ್ಲಿ ಜಮೀನು ಬೇರೆಯವರಿಗೆ ಮಾರಾಟವಾಗಿತ್ತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅವರ ದಾವೆಯನ್ನು ವಜಾ ಮಾಡಿತು. ಬಾಯಿಮಾತಿನ ಹಿಬಾ ನಡೆಯುವುದಿಲ್ಲ ಎಂದು ಕೋರ್ಟ್ ಹೇಳಲಿಲ್ಲ. ಸ್ವಾಧೀನ ಕೊಟ್ಟದ್ದಕ್ಕೆ ಆಧಾರವಿಲ್ಲ, ಅಷ್ಟು ವರ್ಷ ಖಾತೆ ಮಾಡಿಸಿಕೊಳ್ಳಲಿಲ್ಲ, ದಾವೆಯೂ ಅವಧಿ ಮೀರಿ ಬಂದಿದೆ ಎಂದಿತು. ತಾಯಿ ನಿಜವಾಗಿ ಕೊಟ್ಟಿದ್ದರೋ ಇಲ್ಲವೋ ನಮಗೆ ಗೊತ್ತಿಲ್ಲ. ಕೊಟ್ಟಿದ್ದರೂ ಇದೇ ಗತಿ ಎಂಬುದಷ್ಟೇ ನಮಗೆ ಪಾಠ.

ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಗೊಂದಲ ಆಗಬಹುದು. ಖಾತೆ ಇದ್ದವರೂ ಸೋತರು, ಇಲ್ಲದವರೂ ಸೋತರು. ಖಾತೆಯೇ ಹಕ್ಕಲ್ಲ, ಅದು ಸ್ವಾಧೀನಕ್ಕೆ ಒಂದು ಸಾಕ್ಷಿ, ಅಷ್ಟೇ. ಉಳಿದದ್ದೂ ಜೊತೆಗಿರಬೇಕು.

ಮುಸ್ಲಿಂ ಹಿಬಾಕ್ಕೆ ನೋಂದಣಿ ಕಡ್ಡಾಯವಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೂ ನೋಂದಾಯಿತ ದಾನಪತ್ರವೇ ಮೇಲು. ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಕೊಡುವುದಾದರೆ ಮೊದಲು ಅಳತೆ ಮಾಡಿಸಿ 11-ಇ ನಕ್ಷೆ ತೆಗೆಸಬೇಕು. ಶರೀಅತ್ ಪ್ರಕಾರವೂ ಭಾಗವಾಗದ ಜಮೀನಿನ ಹಿಬಾ ತೊಡಕಿನದೇ, ಬೇರ್ಪಡಿಸಿ ವಶಕ್ಕೆ ಕೊಟ್ಟಾಗ ಅದು ಸರಿಹೋಗುತ್ತದೆ. ಪಡೆಯುವವನಿಗೆ 18 ತುಂಬಿರದಿದ್ದರೆ ಅವನ ಪರವಾಗಿ ಯಾರು ಒಪ್ಪಬೇಕು ಎಂಬುದನ್ನು ವಕೀಲರಲ್ಲಿ ಕೇಳಿಯೇ ಮುಂದುವರಿಯಿರಿ. ಇನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ, ಅದೇ ಕಾಯಿಲೆಯಲ್ಲಿ ತೀರಿಕೊಳ್ಳುವ ಮುಂಚೆ ಕೊಟ್ಟ ಹಿಬಾಕ್ಕೆ ವಸೀಯತ್ತಿನ ಮೂರನೇ ಒಂದರ ಮಿತಿಯೇ ಅನ್ವಯ. ಕೊನೆಯ ಗಳಿಗೆಯವರೆಗೆ ಕಾದು ಹೆಬ್ಬೆಟ್ಟು ಒತ್ತಿಸುವವರಿಗೆ ಇದು ತಿಳಿದಿರುವುದಿಲ್ಲ.

ಹಂಚುವ ಮುಂಚೆ ತೀರಿಸಬೇಕಾದ್ದು

ಮನೆಯ ಹಿರಿಯರು ತೀರಿಕೊಂಡ ಮೇಲೆ ಪಾಲಿನ ಮಾತು ಬರುವ ಮುಂಚೆ ಮೂರು ಮೆಟ್ಟಿಲುಗಳಿವೆ. ಕಫನ್ ದಫನ್ ಖರ್ಚು ಮೊದಲು. ಆಮೇಲೆ ಸಾಲ. ಆಮೇಲೆ ಉಳಿದದ್ದರಲ್ಲಿ ಮೂರನೇ ಒಂದರೊಳಗೆ ವಸೀಯತ್. ಇದಾದ ಮೇಲೆ ಉಳಿದದ್ದೇ ವಾರಸುದಾರರಿಗೆ.

ಸಾಲ ಎಂದಾಗ ಸಹಕಾರ ಸಂಘದ ಬೆಳೆಸಾಲ, ಬ್ಯಾಂಕಿನ ಚಿನ್ನದ ಸಾಲ ಎಲ್ಲರಿಗೂ ನೆನಪಾಗುತ್ತದೆ. ನೆನಪಾಗದ ಸಾಲವೊಂದಿದೆ, ಮಹರ್. ನಿಕಾಹ್ ದಿನ ಹೇಳಿದ ಮಹರ್ ಕೊಡದೆ ಗಂಡ ತೀರಿಕೊಂಡರೆ ಅದು ಹೆಂಡತಿಗೆ ಕೊಡಬೇಕಾದ ಸಾಲ. ಆಕೆಯ ಎಂಟನೇ ಒಂದು ಪಾಲಿನಿಂದ ಅದನ್ನು ಕಳೆಯುವಂತಿಲ್ಲ, ಪಾಲಿಗೆ ಮೊದಲೇ ಬೇರೆಯಾಗಿ ತೀರಿಸಬೇಕು. ಮಯ್ಯತ್ ಎದುರಿಗೆ "ಮಹರ್ ಮಾಫ್ ಮಾಡಿದೆ ಅನ್ನು" ಎಂದು ಅಳುತ್ತಿರುವ ಹೆಂಗಸಿನಿಂದ ಹೇಳಿಸುವ ಪದ್ಧತಿ ಕೆಲವು ಕಡೆ ಇದೆ. ನನಗೆ ಅದು ಯಾವತ್ತೂ ಸರಿ ಕಂಡಿಲ್ಲ.

ಇನ್ನು ಆಸ್ತಿ ಎಂದರೆ ಜಮೀನು ಮಾತ್ರವಲ್ಲ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂಡಿಡುತ್ತೇವೆ. ದಾದಾ ತೀರಿಕೊಂಡ ದಿನ ಅಟ್ಟದಲ್ಲಿ ಹತ್ತು ಸಾವಿರ ಕಾಯಿ ಇದ್ದರೆ ಅದೂ ಅದೇ ಭಾಗಗಳಲ್ಲಿ ಹಂಚಬೇಕಾದ ಆಸ್ತಿ. ನಾಲ್ಕು ತಿಂಗಳ ಮೇಲೆ ಸುಲಿಸಿ ತಿಪಟೂರು ಮಾರುಕಟ್ಟೆಗೆ ಹಾಕಿದವನ ಹೆಸರಿಗೆ ಚೀಟಿ ಬಂದ ಮಾತ್ರಕ್ಕೆ ಹಣ ಅವನದಾಗುವುದಿಲ್ಲ. ಸುಲಿಸಿದ ಕೂಲಿ, ಸಾಗಾಟ ಕಳೆದುಕೊಳ್ಳಲಿ, ಉಳಿದದ್ದನ್ನು ಹಂಚಲಿ. ತೋಟ ಭಾಗವಾಗುವವರೆಗೆ ಬೀಳುವ ಕಾಯಿಯೂ ಹಾಗೆಯೇ. ಫುಪ್ಪುಗೆ ಈದ್‌ಗೆ ಒಂದು ಚೀಲ ಕಾಯಿ ಕಳಿಸಿ ಲೆಕ್ಕ ಮುಗಿಯಿತು ಎನ್ನುವುದು ಲೆಕ್ಕವಲ್ಲ.

ಬ್ಯಾಂಕಿನಲ್ಲಿ ನಾಮಿನಿ ಆದವರೂ ಇದನ್ನೇ ಅರಿಯಬೇಕು. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವ ಕೈ, ಮಾಲೀಕನಲ್ಲ. ಪಡೆದು ವಾರಸುದಾರರಿಗೆ ಹಂಚಬೇಕು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಇಡಬಹುದು. ನಾಮಿನಿಯೇ ಇಲ್ಲದೆ ದೊಡ್ಡ ಮೊತ್ತವಿದ್ದರೆ ಬ್ಯಾಂಕು ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಅದನ್ನು ಕೊಡುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ.

ಪ್ರೊಬೇಟ್ ಮತ್ತು ಪೌತಿ ಖಾತೆ

ವಾಣಿಜ್ಯ ವಿಭಾಗದವರು ಪ್ರೊಬೇಟ್ ಎಂಬ ಪದ ಕೇಳಿರುತ್ತೀರಿ. ವಿಲ್ಲು ನಿಜವಾದದ್ದು ಎಂದು ನ್ಯಾಯಾಲಯ ಮೊಹರು ಹಾಕಿ, ಅದರಲ್ಲಿ ಹೆಸರಿಸಿದ ನಿರ್ವಾಹಕನಿಗೆ ಕೊಡುವ ಪ್ರತಿ ಅದು. ಆಸ್ತಿ ಯಾರದು ಎಂಬುದನ್ನು ಪ್ರೊಬೇಟ್ ತೀರ್ಮಾನಿಸುವುದಿಲ್ಲ, ವಿಲ್ಲು ಸಾಚಾ ಎಂಬುದನ್ನಷ್ಟೇ. 1925ರ ಕಾಯ್ದೆ ಮುಸ್ಲಿಮರ ವಿಲ್ಲಿಗೆ ಇದನ್ನು ಕಡ್ಡಾಯ ಮಾಡಿರಲಿಲ್ಲ. ಹಿಂದೂಗಳಿಗೂ ಅದು ಕಡ್ಡಾಯವಾಗಿದ್ದದ್ದು ಬಂಗಾಳ, ಮದ್ರಾಸ್ ಮತ್ತು ಬೊಂಬಾಯಿ ನಗರಗಳ ಸಂಬಂಧದಲ್ಲಿ. ನಮ್ಮ ತುಮಕೂರು ಜಿಲ್ಲೆಯ ತೋಟಕ್ಕೆ ಪ್ರೊಬೇಟ್ ಇಲ್ಲದೆಯೂ ವಿಲ್ಲಿನ ಮೇಲೆ ಹಕ್ಕು ಕೇಳಬಹುದು. ಯಾರಾದರೂ ತಕರಾರು ಎತ್ತಿದರೆ ಮಾತ್ರ ಸಿವಿಲ್ ಕೋರ್ಟ್ ತಪ್ಪಿದ್ದಲ್ಲ. ವಿಲ್ಲು ಸುಳ್ಳೋ ನಿಜವೋ ಎಂದು ತಹಶೀಲ್ದಾರರು ತೀರ್ಮಾನಿಸುವಂತಿಲ್ಲ.

ನಮ್ಮ ಕಡೆ ಎಲ್ಲರ ಮನೆಗೂ ಬರುವುದು ಪೌತಿ ಖಾತೆ. 21 ದಿನದೊಳಗೆ ಮರಣ ನೋಂದಾಯಿಸಿ ಪ್ರಮಾಣಪತ್ರ ಪಡೆಯಿರಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ವರದಿ ಮಾಡಬೇಕು. ಮೂರು ತಿಂಗಳಿರಲಿ, ಮೂವತ್ತು ವರ್ಷವಾದರೂ ಪಹಣಿಯಲ್ಲಿ ಮುತ್ತಾತನ ಹೆಸರೇ ಇರುವ ತೋಟಗಳು ನಮ್ಮ ಸುತ್ತ ಎಷ್ಟಿಲ್ಲ.

ವಂಶವೃಕ್ಷದ ಅರ್ಜಿಯಲ್ಲೇ ಅನ್ಯಾಯ ಶುರುವಾಗುವುದು. ಮದುವೆಯಾಗಿ ಅರಸೀಕೆರೆಗೋ ಬೆಂಗಳೂರಿಗೋ ಹೋದ ಮಗಳ ಹೆಸರನ್ನು ಬಿಟ್ಟು ಬರೆಸುತ್ತಾರೆ. ಕೇಳಿದರೆ, ಮದುವೆಗೆ ಖರ್ಚು ಮಾಡಿದ್ದೇವೆ, ಒಡವೆ ಕೊಟ್ಟಿದ್ದೇವೆ ಎಂಬ ಉತ್ತರ. ಮದುವೆಯ ಖರ್ಚು ವಾರಸಿನ ಪಾಲಲ್ಲ. ತಂದೆ ಬದುಕಿದ್ದಾಗಲೇ ಮಗಳಿಂದ "ನನಗೆ ಪಾಲು ಬೇಡ" ಎಂದು ಬರೆಸಿಕೊಳ್ಳುವುದೂ ಉಂಟು. ಇನ್ನೂ ಹುಟ್ಟದ ಹಕ್ಕನ್ನು ಬಿಟ್ಟುಕೊಡಲು ಬಾರದು, ಸಾಮಾನ್ಯವಾಗಿ ಅಂಥ ಪತ್ರಕ್ಕೆ ಬೆಲೆಯಿಲ್ಲ. ಆದರೆ ಅದಕ್ಕೆ ಪ್ರತಿಯಾಗಿ ಆಕೆ ಹಣ ಅಥವಾ ಆಸ್ತಿ ಪಡೆದಿದ್ದರೆ ಆಮೇಲೆ ಪಾಲು ಕೇಳಲು ಆಗದಂತೆ ತಡೆಯಬಹುದು ಎಂದು 1973ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಹುಡುಗಿಯರೇ, ಓದದೆ ಎಲ್ಲಿಯೂ ಸಹಿ ಹಾಕಬೇಡಿ. ತಂದೆಯ ನಂತರ ನಿಮ್ಮ ಪಾಲನ್ನು ಅಣ್ಣನಿಗೆ ಪ್ರೀತಿಯಿಂದ ಬಿಟ್ಟುಕೊಡುವುದು ನಿಮ್ಮ ಇಷ್ಟ. ಮೊದಲು ಅದು ನಿಮ್ಮ ಹೆಸರಿಗೆ ಬರಲಿ, ಬಂದ ಮೇಲೆ ಬಿಡಿ.

ಈ ವಾರ ಮನೆಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ತೋಟದ ಪಹಣಿ ತೆಗೆಸಿ ಒಂಬತ್ತನೇ ಕಾಲಂ ನೋಡಿ. ಅಲ್ಲಿರುವ ಹೆಸರಿನವರು ಬದುಕಿದ್ದಾರೆಯೇ? ಇಲ್ಲದಿದ್ದರೆ ಅವರು ತೀರಿಕೊಂಡ ದಿನ ಯಾರು ಯಾರು ಬದುಕಿದ್ದರು ಎಂದು ದಾದಿಯನ್ನೋ ನಾನಿಯನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಅವರ ನೆನಪು ಇರುವಾಗಲೇ ಬರೆದಿಟ್ಟುಕೊಳ್ಳಿ.

ಆ ಹುಡುಗ ಹದಿನೈದು ದಿನದ ಮೇಲೆ ಮತ್ತೆ ಬಂದಿದ್ದ. ಮನೆಯಲ್ಲಿ ಈ ಮಾತು ಎತ್ತಲು ಅವನಿಗೆ ಧೈರ್ಯ ಬಂದಿರಲಿಲ್ಲ. ಆಸ್ತಿಯ ಆಸೆಗೆ ಕೇಳುತ್ತಿದ್ದಾನೆ ಅಂದುಕೊಳ್ಳುತ್ತಾರೆ ಎಂಬ ಸಂಕೋಚ. ಅವನ ಅಮ್ಮಿಯೇ ಒಂದು ಸಂಜೆ ಚಹಾ ಕೊಡುವಾಗ ಮಾವನವರ ಎದುರು ಮಾತು ತೆಗೆದರಂತೆ. ದಾದಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹೇಳಿದ್ದೇ ಸಾಕು ಅಂದುಕೊಂಡಿದ್ದೆ" ಎಂದರಂತೆ. ಆಮೇಲೆ ಪಹಣಿ ಎಲ್ಲಿದೆ ಎಂದು ಕೇಳಿದರಂತೆ. ಪಹಣಿ ಟ್ರಂಕಿನಲ್ಲಿ ಸಿಕ್ಕಿದೆ. ಅಳತೆಗೆ ಅರ್ಜಿ ಕೊಡಬೇಕಾಗಿದೆ.

ಅಭ್ಯಾಸಕ್ಕೆ ಒಂದು ಲೆಕ್ಕ: ಒಬ್ಬ ತಾಯಿ ತನ್ನ ಹೆಸರಿನ ಎರಡು ಎಕರೆ ತೋಟ ಬಿಟ್ಟು ತೀರಿಕೊಂಡಿದ್ದಾರೆ. ಸಾಲವಿಲ್ಲ, ವಸೀಯತ್ ಇಲ್ಲ. ಗಂಡ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ತಂದೆ ತಾಯಿ ಇಲ್ಲ. ಮಕ್ಕಳಿದ್ದಾಗ ಗಂಡನ ಪಾಲು ನಾಲ್ಕನೇ ಒಂದು. ಯಾರಿಗೆ ಎಷ್ಟು ಗುಂಟೆ? ಉತ್ತರವನ್ನು ಹಾಳೆಯ ಮೇಲೆ ಬರೆದು ಸಿಬ್ಬಂದಿ ಕೊಠಡಿಯಲ್ಲಿ ನನಗೆ ಕೊಡಿ. ಗಂಡನಿಗೆ 20 ಬಂದಿದ್ದರೆ ನೀವು ಸರಿದಾರಿಯಲ್ಲಿದ್ದೀರಿ.